ಕಣ್ಣು ತಪ್ಪಿಸಿದ್ದಕ್ಕೆ ಎಷ್ಟು ಅಂಕ?

ದೊಡ್ಡವರಲ್ಲಿನ ಆಟಿಸಂ, ಎಡಿಎಚ್‌ಡಿಗಳನ್ನು ಕೊರತೆ ಎನ್ನದೆ ಭಿನ್ನತೆ ಎಂದು ಕಾಣುವ ಮನಶ್ಶಾಸ್ತ್ರಜ್ಞರಿಗೆ ಬೆಂಗಳೂರಿನಲ್ಲೀಗ ಒಳ್ಳೆಯ ಹೆಸರು. ಆದರೆ ಆ ಹೆಸರು ಬಂದದ್ದು ಅವರ ಮೃದು ಮಾತಿಗೆ. ಬರಬೇಕಿದ್ದುದು ಅವರು ಪ್ರಶ್ನೆ ಕೇಳುವ ರೀತಿಗೆ.

ಆಟಿಸಂನ ಸರ್ಕಾರಿ ಪ್ರಮಾಣಪತ್ರಕ್ಕೆ ಬಳಸುವ ಐಎಸ್‌ಎಎ ಎಂಬ ಭಾರತೀಯ ಮಾಪಕವನ್ನು ನೋಡಿ. 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ. ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು; ಒಬ್ಬರೇ ಅದದೇ ಆಟ ಆಡುತ್ತಾರೆಯೇ ಎಂದು ನಲವತ್ತರ ಗಂಡಸಿನ ಬಗ್ಗೆಯೂ ಕೇಳುತ್ತದೆ! ಮೊದಲ ಅಂಶ, ಎದುರಿನವರ ಕಣ್ಣು ನೋಡದಿರುವುದು. ಅಪರೂಪಕ್ಕಾದರೆ 1, ಸದಾ ಹಾಗಾದರೆ 5. ಈಗ ಅಮೃತೂರಿನ ಸೊಸೆಯೊಬ್ಬಳನ್ನು ಊಹಿಸಿಕೊಳ್ಳಿ. ಮಾವನೆದುರು ತಲೆ ಎತ್ತದ್ದಕ್ಕೆ ಮನೆಯಲ್ಲಿ ಮೆಚ್ಚುಗೆ, ಮಾಪಕದಲ್ಲಿ 5. ಇನ್ನೊಂದು ಕಡೆ, ಅಂಗಡಿ ನಡೆಸುವ ಆಟಿಸಂ ಇರುವವನು ಗಿರಾಕಿಯ ಹುಬ್ಬುಗಳ ನಡುವೆ ನೋಟ ನಿಲ್ಲಿಸುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡಿದ್ದಾನೆ. ಅವನಿಗೆ 1. ಹೊರಗೆ ನಿಂತು ಎಣಿಸುವವರಿಗೆ ಇಬ್ಬರೂ ದಕ್ಕುವುದಿಲ್ಲ.

ಒಳ್ಳೆಯ ಮನಶ್ಶಾಸ್ತ್ರಜ್ಞೆ ಕೇಳುವುದೇ ಬೇರೆ. ಅಂಗಡಿಯವನಿಗೆ: ಕಣ್ಣು ನೋಡಿದರೆ ಮಾತು ತಲೆಗೆ ಹೋಗೋದು ನಿಂತುಬಿಡುತ್ತಾ? ಅಂಗಡಿ ಬಾಗಿಲು ಹಾಕಿದ ಮೇಲೆ ಹೆಂಡತಿ ಜೊತೆಗೂ ಮಾತು ಬೇಡ ಅನ್ನಿಸುತ್ತಾ? ಸೊಸೆಗೆ: ತವರಿನಲ್ಲಿ, ತಂಗಿ ಜೊತೆ ಹೇಗಿರ್ತೀಯಮ್ಮ? ಈ ಮೂರನೆಯ ಪ್ರಶ್ನೆಯಲ್ಲಿ ಸಂಕೋಚವೂ ಆಟಿಸಂ ಕೂಡ ಬೇರೆಬೇರೆಯಾಗಿ ಕಾಣತೊಡಗುತ್ತವೆ. ಕಸುಬು ಇರುವುದು ಇಲ್ಲಿ.

ನಮ್ಮ ಕೆಲವು ವಿಮರ್ಶಕರಿಗೆ ಇದು ಬೇಕಿಲ್ಲ. ಇಂಗ್ಲಿಷ್ ಓದಿದವರ ಶೋಕಿ ಎನ್ನುತ್ತಾರೆ. ಮನಸ್ಸಿನ ವಿಚಾರ ಕನ್ನಡಕ್ಕೆ ಪರಕೀಯವೇ? ಡಾಕ್ಟರ್ ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಶೋಕಿ ಎನ್ನುವುದಕ್ಕಿಂತ ಕೆಟ್ಟ ವಾದ, 'ನಮ್ಮ ಹಳ್ಳಿಗಳಲ್ಲಿ ಇಂಥವರಿಗೂ ಜಾಗವಿತ್ತು' ಎನ್ನುವುದು. ಯಾವ ಜಾಗ? ದನ ಹೊಡೆದುಕೊಂಡು ಹೋಗುವ ಕೆಲಸ, ಜೊತೆಗೊಂದು ಅಡ್ಡಹೆಸರು. ಆಸ್ತಿ ಭಾಗವಾಗುವ ದಿನ ಅಣ್ಣ ತೋರಿಸಿದ ಕಡೆ ಹೆಬ್ಬೆಟ್ಟು. ಹೆಣ್ಣಾದರೆ, ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಎಂಬ ತೀರ್ಮಾನ. ಜಾಗವಿತ್ತು ಎನ್ನುವವರಲ್ಲಿ ಆ ಜಾಗದಲ್ಲಿ ಕೂತವರು ಒಬ್ಬರೂ ಇಲ್ಲ.

ಹಾಗೆಂದು ಈ ಮನಶ್ಶಾಸ್ತ್ರಜ್ಞರಲ್ಲಿ ತಪ್ಪೇ ಇಲ್ಲವೆಂದಲ್ಲ. ಕೊರತೆ ಎಂಬ ಮಾತೇ ಬೇಡವೆನ್ನುವ ಉತ್ಸಾಹದಲ್ಲಿ ಕಾಗದಪತ್ರದ ಸಂಗತಿಯನ್ನು ಹಾರಿಸಿಬಿಡುತ್ತಾರೆ. ಮೀಸಲಾತಿಗೆ ಶೇ. 40ರ ಅಂಗವೈಕಲ್ಯ ಬೇಕು. ಖಾಸಗಿ ವರದಿ ಎಷ್ಟೇ ಸೊಗಸಾಗಿದ್ದರೂ ಸರ್ಕಾರಿ ಪ್ರಮಾಣಪತ್ರವಾಗುವುದಿಲ್ಲ. ಬರೀ ಎಡಿಎಚ್‌ಡಿ ಇರುವವರಿಗೆ ಅದೂ ಇಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಅದರ ಹೆಸರಿಲ್ಲ. ಅಮೃತೂರಿನಿಂದ ಒಂದು ದಿನದ ದುಡಿಮೆ ಬಿಟ್ಟು ಬಸ್ಸು ಹತ್ತಿ ಬಂದವರಿಗೆ ಇಷ್ಟನ್ನು ಫೀಸು ತೆಗೆದುಕೊಳ್ಳುವ ಮುಂಚೆಯೇ ಹೇಳಬೇಕು.