ಹತ್ತಿಸುವ ಕಿಟ್, ಇಳಿಸುವ ಘಟ್ಟ

ಸೈಕಲ್ಲಿಗೆ ಮೋಟಾರು ಕೂರಿಸುವ ಕಿಟ್‌ನ ಪೆಟ್ಟಿಗೆ ಮೇಲೆ ಸಾಮಾನ್ಯವಾಗಿ ಮೂರು ಸಂಖ್ಯೆ ದಪ್ಪಕ್ಷರದಲ್ಲಿರುತ್ತವೆ: 250 ವ್ಯಾಟ್, ಗಂಟೆಗೆ 25 ಕಿ.ಮೀ., ಒಂದು ಚಾರ್ಜಿಗೆ 40 ಕಿ.ಮೀ. ಬೆಂಗಳೂರಿನ ಜಯನಗರದಲ್ಲೋ ಹಾಸನದ ಬಿ.ಎಂ. ರಸ್ತೆಯಲ್ಲೋ ಇವು ಹೆಚ್ಚುಕಡಿಮೆ ನಿಜವೇ. ಆಲೂರಿನಿಂದ ಹಾಸನಕ್ಕೆ ಕೆಲಸಕ್ಕೆ ಹೋಗಿಬರುವವರಿಗೂ ದೂರುವಂಥದ್ದೇನೂ ಇರಲಾರದು. ಆದರೆ ಸಕಲೇಶಪುರ ಬಿಟ್ಟು ಹೆತ್ತೂರು, ವಣಗೂರು ದಾಟಿ ಬಿಸಿಲೆ ಕಡೆ ತಿರುಗಿದಿರೋ, ಮೂರಕ್ಕೂ ಅರ್ಥ ಬದಲಾಗುತ್ತದೆ. ಮಂಕನಹಳ್ಳಿ ಹತ್ತಿರದ ದಿಣ್ಣೆಯಲ್ಲಿ ಬಿದ್ದ ಮಳೆ ಒಂದು ಕಡೆ ಹೇಮಾವತಿ ಸೇರಿ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ಕುಮಾರಧಾರೆ ಸೇರಿ ಅರಬ್ಬೀ ಸಮುದ್ರಕ್ಕೆ ಹರಿಯುತ್ತದೆ. ಇಂಥ ನೆತ್ತಿಯ ಮೇಲಿನ ಊರುಗಳಲ್ಲಿ ಸಪಾಟು ರಸ್ತೆ ಫರ್ಲಾಂಗು ಲೆಕ್ಕದಲ್ಲಿ ಸಿಗುತ್ತದೆಯೇ ಹೊರತು ಮೈಲಿ ಲೆಕ್ಕದಲ್ಲಿ ಅಲ್ಲ.

ಬಿಸಿಲೆ ಕಡೆ ಸೈಕಲ್ ತುಳಿಯುವವರು ಯಾರಪ್ಪ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತೋಟದ ಸಾಹುಕಾರರಿಗೆ ಜೀಪಿದೆ, ಹುಡುಗರಿಗೆ ಬೈಕಿದೆ, ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿದೆ. ಆ ಬಸ್ಸು ತಪ್ಪಿದರೆ ಮುಂದಿನದಕ್ಕೆ ತಾಸುಗಟ್ಟಲೆ ಕಾಯಬೇಕು. ಬೈಕಿಗೆ ಸಾಲ ತೀರಬೇಕು, ಪೆಟ್ರೋಲು ಬೀಳಬೇಕು. ಅಂಗನವಾಡಿಗೆ, ಡೈರಿಗೆ, ಪಕ್ಕದೂರಿನ ತೋಟಕ್ಕೆ ನಾಲ್ಕಾರು ಕಿಲೋಮೀಟರ್ ಹೋಗಿಬರುವವರಿಗೆ ಸೈಕಲ್ ಇಂದಿಗೂ ಅಗ್ಗದ ದಾರಿ. ಸೈಕಲ್ಲಿಗೂ ಬರವಿಲ್ಲ. 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತ, ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಟ್ಟ ಉಚಿತ ಸೈಕಲ್ಲುಗಳು ಮಲೆನಾಡಿನ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಒರಗಿ ನಿಂತಿವೆ. ಏರಿನಲ್ಲಿ ತಳ್ಳಿಕೊಂಡೇ ಹೋಗಬೇಕಾದ ಗಾಡಿ ಯಾರಿಗೆ ಬೇಕು? ಅದಕ್ಕೊಂದು ಮೋಟಾರು ಹಾಕಿಸಿದರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಕಿಟ್ ಮಾರುವವರ ಬಂಡವಾಳವೂ ಇದೇ ಆಸೆ.

ಮೊದಲು ವ್ಯಾಟಿನ ಮಾತು. 250 ಎಂಬುದು ಕಾನೂನಿನ ಗೆರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಅರ್ಧ ಗಂಟೆಯ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆಯಿದ್ದು ವೇಗ 25 ಕಿ.ಮೀ. ದಾಟದಿದ್ದರೆ, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಅದನ್ನು ದೃಢಪಡಿಸಿದರೆ, ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸು, ನೋಂದಣಿ ಯಾವುದೂ ಬೇಡ. ಅಂಗಡಿಯವರು ಕೊನೆಯ ಭಾಗವನ್ನು ಹೇಳುತ್ತಾರೆ, ನಡುವಿನ ಪರೀಕ್ಷಾ ಸಂಸ್ಥೆಯ ಮಾತನ್ನು ನುಂಗುತ್ತಾರೆ. ಇನ್ನು ಮೋಟಾರು ನಿಜಕ್ಕೂ ಎಷ್ಟು ಎಳೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರ ಮೈಮೇಲಿನ ಅಂಕಿಯಲ್ಲ, ಬ್ಯಾಟರಿಯಿಂದ ಮೋಟಾರಿಗೆ ವಿದ್ಯುತ್ತು ಅಳೆದು ಬಿಡುವ ಕಂಟ್ರೋಲರ್. 36 ವೋಲ್ಟಿನ ಬ್ಯಾಟರಿಗೆ 15 ಆಂಪಿಯರ್ ಕಂಟ್ರೋಲರ್ ಹಾಕಿದರೆ ಏರಿನಲ್ಲಿ ಒಳಗೆ ಹೋಗುವ ವಿದ್ಯುತ್ತು 540 ವ್ಯಾಟ್. ಹೆಸರಿಗೆ ಮಾತ್ರ 250.

ಆದರೂ ಬಿಸಿಲೆಯ ಏರಿನಲ್ಲಿ ಇದು ಏದುಸಿರು ಬಿಡುತ್ತದೆ. ಸವಾರ, ಸೈಕಲ್, ಕಿಟ್, ಒಂದು ಚೀಲ ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗ ಹಿಡಿಯಲು ಚಕ್ರದ ಹತ್ತಿರ ಸುಮಾರು 250 ವ್ಯಾಟ್ ಬೇಕು. ಕೆಲಸಕ್ಕೆ ಹೊರಟವರು ಬೆವರದೆ ಕೊಡಬಹುದಾದ್ದು 80, ಹೆಚ್ಚೆಂದರೆ 100. ಉಳಿದದ್ದು ಮೋಟಾರಿನ ಪಾಲು. ಚಕ್ರದ ನಡುವೆ ಕೂರುವ ಹಬ್ ಮೋಟಾರಿಗೆ ಸೈಕಲ್ಲಿನ ಗೇರು ಗೊತ್ತಿಲ್ಲ. ಹೆಚ್ಚಿನ ವೇಗಕ್ಕೆಂದು ಸುತ್ತಿದ ತಂತಿಯನ್ನು 8–10ರಲ್ಲಿ ಎಳೆಸಿದರೆ ವಿದ್ಯುತ್ತಿನ ಅರ್ಧದಷ್ಟು ಬರೀ ಬಿಸಿಯಾಗಿ ಹೋಗುತ್ತದೆ. ಇಂಥ ಒಂದು ಮೋಟಾರಿನ ಮುಚ್ಚಳ ಬಿಚ್ಚಿ ನೋಡಿ: ನಡುವೆ ಉಕ್ಕಿನ ಸಣ್ಣ ಹಲ್ಲುಚಕ್ರ, ಅದರ ಸುತ್ತ ಬಿಳಿ ನೈಲಾನಿನ ಮೂರು ಹಲ್ಲುಚಕ್ರ, ಅಂಟಂಟು ಗ್ರೀಸು. ಘಟ್ಟ ಹತ್ತಿಸುವ ಭಾರವೆಲ್ಲ ಆ ಮೂರು ನೈಲಾನ್ ಚಕ್ರಗಳ ಹಲ್ಲಿನ ಮೇಲೆ. ಬಿಸಿಯೇರಿದ ನೈಲಾನು ಮೆತ್ತಗಾಗುತ್ತದೆ, ಹಲ್ಲು ಸವೆಯುತ್ತದೆ, ಒಂದು ದಿನ ಮೋಟಾರು ಕಿರ್ರೆಂದು ತಿರುಗುತ್ತದೆ, ಚಕ್ರ ನಿಂತಲ್ಲೇ ಇರುತ್ತದೆ.

ಇದಕ್ಕೊಂದು ಉಪಾಯವಿದೆ, ಮಾರುವವರು ಮಾತ್ರ ತಾವಾಗಿ ಹೇಳುವುದಿಲ್ಲ. ಒಂದೇ ಹಬ್ ಮೋಟಾರು ಬೇರೆ ಬೇರೆ ಸುತ್ತಿನ ಲೆಕ್ಕದಲ್ಲಿ ಬರುತ್ತದೆ. ನಿಮಿಷಕ್ಕೆ 328 ಸುತ್ತಿನದು 26 ಇಂಚಿನ ಚಕ್ರದಲ್ಲಿ ಭಾರವಿಲ್ಲದೆ 40 ಕಿ.ಮೀ. ವೇಗಕ್ಕೆ ತಿರುಗುತ್ತದೆ, 200ರ ಆಸುಪಾಸಿನದು 25ಕ್ಕೆ ನಿಲ್ಲುತ್ತದೆ. ಪೇಟೆಯವರು ಮೊದಲನೆಯದನ್ನು ಇಷ್ಟಪಡುತ್ತಾರೆ. ಬಿಸಿಲೆಯವರು ಕೇಳಿ ಪಡೆಯಬೇಕಾದದ್ದು ಎರಡನೆಯದನ್ನು. ನಿಧಾನದ ಮೋಟಾರು ಏರಿನಲ್ಲಿ ತನ್ನ ಹದಕ್ಕೆ ಹೆಚ್ಚು ಹತ್ತಿರದಲ್ಲಿ ತಿರುಗುತ್ತದೆ, ಕಡಿಮೆ ಬಿಸಿಯಾಗುತ್ತದೆ. ವೇಗದ ಅಂಕಿ ನೋಡಿ ಕೊಳ್ಳುವುದು ಇಲ್ಲಿ ತಲೆಕೆಳಗಾದ ವ್ಯಾಪಾರ.

ಪೆಡಲಿನ ಬುಡಕ್ಕೆ ಸೇರುವ ಮಿಡ್-ಡ್ರೈವ್ ಕಿಟ್‌ಗಳು, ಚೀನಾದ ಬಫಾಂಗ್‌ನವು, ಟೊಂಗ್‌ಶೆಂಗ್‌ನವು, ಏರಿನ ಮಟ್ಟಿಗೆ ನಿಸ್ಸಂಶಯವಾಗಿ ಮೇಲು. ಅವು ಚೈನಿನ ಮೂಲಕ ಎಳೆಯುವುದರಿಂದ ಹಿಂದಿನ ಗೇರು ಬದಲಿಸಿದಂತೆ ಮೋಟಾರೂ ಉಸಿರಾಡುತ್ತದೆ. ಟೊಂಗ್‌ಶೆಂಗ್‌ನದು ಕಾಲಿನ ಒತ್ತಡವನ್ನು ಅಳೆದು ಅಷ್ಟಕ್ಕೆ ತಕ್ಕಂತೆ ತಳ್ಳುತ್ತದೆ. ತುಳಿದವರಿಗೆ ತಮ್ಮ ಕಾಲೇ ಗಟ್ಟಿಯಾದಂತೆ ಅನ್ನಿಸುತ್ತದೆ. ಕಷ್ಟವಿರುವುದು ಸೈಕಲ್ಲಿನಲ್ಲಿ. ಈ ಕಿಟ್‌ಗಳು 68ರಿಂದ 73 ಮಿ.ಮೀ. ಅಗಲದ, ಒಳಗೆ ತಿರುಪಿನ ಮರೆಯಿರುವ ಬಾಟಮ್ ಬ್ರಾಕೆಟ್ಟಿಗೆ (ಪೆಡಲಿನ ಅಚ್ಚು ಕೂರುವ ಕೊಳವೆಗೆ) ಮಾಡಿದವು. ಕಾಟರ್ ಪಿನ್ ಕ್ರ್ಯಾಂಕಿನ ಹಳೆಯ ಚೌಕಟ್ಟಿಗೆ ಕೂರುತ್ತದೋ ಇಲ್ಲವೋ ಅಳೆದೇ ನೋಡಬೇಕು. ಕೂತರೂ ಸರ್ಕಾರಿ ಸೈಕಲ್ಲಿಗೆ ಗೇರೇ ಇಲ್ಲ, ಅಲ್ಲಿಗೆ ಅರ್ಧ ಲಾಭ ಹೋಯಿತು. ಹಿಂದೆ ದೊಡ್ಡ ಫ್ರೀವೀಲ್ ಹಾಕಿಸಿಕೊಂಡರೆ ಸ್ವಲ್ಪ ದಕ್ಕುತ್ತದೆ. ಜೊತೆಗೆ ಜೂನಿನಿಂದ ಅಕ್ಟೋಬರಿನವರೆಗೆ ಕೆಂಪು ಮಣ್ಣಿನ ನೀರು ಕುಡಿಯುವ ಚೈನಿನ ಮೇಲೆ ಮೋಟಾರಿನ ಬಲವೂ ಬಿದ್ದರೆ ಅದರ ಆಯಸ್ಸು ಹೇಳುವುದೇ ಬೇಡ.

ಮುಂದಿನ ಚಕ್ರಕ್ಕೆ ಹಾಕುವ ಕಿಟ್ ಎಲ್ಲಕ್ಕಿಂತ ಸುಲಭ. ಲಂಡನ್ನಿನ ಸ್ವಿಚ್ ಕಂಪನಿ ಇದನ್ನೇ ಅಂದಗೊಳಿಸಿ ಹೆಸರು ಮಾಡಿತು. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಜರುಗುತ್ತದೆ, ಎಲೆ ಕೊಳೆತ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಸುಮ್ಮನೆ ಜಾರುತ್ತದೆ. ಬಿಸಿಲೆಗೆ ಬೇಡ.

40 ಕಿ.ಮೀ. ಓಡುತ್ತದೆ ಎಂಬ ಮಾತನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನೇ ಇಲ್ಲಿ ಬಿಡಬೇಕು. ನೂರು ಕಿಲೋವನ್ನು ನೂರು ಮೀಟರ್ ಎತ್ತರಕ್ಕೆ ಎತ್ತಲು 27 ವ್ಯಾಟ್-ಅವರ್ ಬೇಕು; ಇದರಲ್ಲಿ ಚೌಕಾಸಿಯಿಲ್ಲ. ಮೋಟಾರಿನ ಸೋರಿಕೆ ಸೇರಿಸಿದರೆ 40 ಎನ್ನಿ. ಸಾಮಾನ್ಯವಾದ 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 360. ಕುಕ್ಕೆಯ ಕಡೆ ಕುಲ್ಕುಂದದಿಂದ ಬಿಸಿಲೆಗೆ ಏರು ಆರೇಳು ನೂರು ಮೀಟರ್ ಎಂದುಕೊಂಡರೆ ಬ್ಯಾಟರಿಯ ಮುಕ್ಕಾಲು ಪಾಲು ಬರೀ ಎತ್ತರಕ್ಕೇ ಖರ್ಚು. ಮೇಲೆ ಬಂದಾಗ ಮನೆಗೆ ಮುಟ್ಟುವಷ್ಟು ಉಳಿದರೆ ಪುಣ್ಯ. ಮೇಲ್ಗಡೆ ವಣಗೂರು, ಹೆತ್ತೂರಿನ ದಿಬ್ಬಗಳಲ್ಲಿ ಓಡಾಡುವವರು ತಮ್ಮ ದಾರಿಯ ಏರುಗಳನ್ನೆಲ್ಲ ಕೂಡಿ ಇದೇ ಲೆಕ್ಕ ಹಾಕಿಕೊಳ್ಳಲಿ. ಇಳಿಜಾರಿನಲ್ಲಿ ಚಾರ್ಜ್ ವಾಪಸ್ ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಗೇರಿನ ಹಬ್ ಮೋಟಾರಿನೊಳಗೆ ಫ್ರೀವೀಲ್ ಇರುವುದರಿಂದ ಒಂದು ಹನಿಯೂ ಬರುವುದಿಲ್ಲ. ತುಳಿದೇ ಬ್ಯಾಟರಿ ತುಂಬಿಸಬಹುದು ಎನ್ನುವವರಿಗಂತೂ ಇಪ್ಪತ್ತು ನಿಮಿಷ ನೂರು ವ್ಯಾಟಿನಲ್ಲಿ ತುಳಿದು ತೋರಿಸಲು ಹೇಳಿ: ಸಿಗುವುದು 33 ವ್ಯಾಟ್-ಅವರ್, ನೂರು ಮೀಟರ್ ಏರಿಗೂ ಸಾಲದು.

ಇಷ್ಟೆಲ್ಲ ಹತ್ತುವ ಮಾತಾಯಿತು. ಕಿಟ್‌ಗಳ ಬಗ್ಗೆ ನನ್ನ ದೊಡ್ಡ ತಕರಾರು ಇಳಿಯುವುದರದ್ದು. ಹತ್ತಿಸಲು ಮೋಟಾರು, ಬ್ಯಾಟರಿ, ಡಿಸ್‌ಪ್ಲೇ, ಥ್ರಾಟಲ್ ಎಲ್ಲ ಕೊಡುತ್ತಾರೆ. ಇಳಿಸಲು ಮೋಟಾರು ಆರಿಸುವ ಸ್ವಿಚ್ಚಿನ ಎರಡು ಬ್ರೇಕ್ ಹಿಡಿ, ಅಷ್ಟೆ. ನೂರು ಕಿಲೋ ಭಾರ ಏಳು ನೂರು ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಗಾಳಿ, ಟೈರು ತಿಂದು ಉಳಿದದ್ದೆಲ್ಲ ಹೋಗಬೇಕಾದ್ದು ಹೆಬ್ಬೆರಳಿನಷ್ಟು ಅಗಲದ ನಾಲ್ಕು ರಬ್ಬರ್ ತುಂಡಿಗೆ. ಅದೂ ಯಾವ ರಿಮ್ಮಿನ ಮೇಲೆ? ಹೊಳಪಿನ ಕ್ರೋಮ್ ಉಕ್ಕಿನ ಮೇಲೆ. ಒದ್ದೆಯಾದ ಉಕ್ಕಿನ ರಿಮ್ಮಿಗೆ ರಬ್ಬರು ಹಿಡಿಯುವುದಿಲ್ಲ ಎಂಬುದು ಮಳೆಯಲ್ಲಿ ಸೈಕಲ್ ಹೊಡೆದವರಿಗೆಲ್ಲ ಗೊತ್ತು. ಹಿಡಿ ಒತ್ತಿದರೆ ಮೊದಲ ಎರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಆಮೇಲೆ ಹಿಡಿತ. ತಿರುವಿಗೆ ಅಷ್ಟು ಪುರಸೊತ್ತು ಇರುವುದಿಲ್ಲ. ಅಗ್ಗದ ಕಿಟ್‌ಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ನೋಡುವ ಸೆನ್ಸರ್ ಇರುತ್ತದೆ. ತುಳಿಯುವುದು ನಿಲ್ಲಿಸಿದ ಮೇಲೂ ಅರೆಗಳಿಗೆ ಮೋಟಾರು ತಳ್ಳುತ್ತಲೇ ಇರುತ್ತದೆ. ಕಟಾಫ್ ಹಿಡಿಗಳೂ ವಿ-ಬ್ರೇಕಿನ, ಡಿಸ್ಕಿನ ಕೇಬಲ್ಲಿಗೆಂದು ಮಾಡಿದವು. ಸರಳಿನ ಬ್ರೇಕಿರುವ ಸೈಕಲ್ಲಿಗೆ ಸೇರುವುದೇ ಇಲ್ಲ, ಅಂಗಡಿಯವನು ಅವನ್ನು ಚೀಲದಲ್ಲಿ ಹಾಕಿ ಕೈಗೆ ಕೊಟ್ಟುಬಿಡುತ್ತಾನೆ.

ಹಾಗಾಗಿ ಕೊಟ್ಟಿಗೆಯ ಸೈಕಲ್ಲಿಗೆ ಮೋಟಾರು ಬೇಡ ಎಂದೇ ನಾನು ಹೇಳುವುದು, ಚಕ್ರ ಬದಲಿಸದ ಹೊರತು. ಅಲ್ಯೂಮಿನಿಯಂ ರಿಮ್ಮಿನ ಎರಡು ಚಕ್ರ, ಒಳ್ಳೆಯ ಬ್ರೇಕು, ಮಳೆಗಾಲಕ್ಕೊಂದು ಹೊಸ ಜೊತೆ ಪ್ಯಾಡು: ಕಿಟ್‌ನ ಬೆಲೆಯಲ್ಲಿ ಇದನ್ನೂ ಸೇರಿಸಿ ಯೋಚಿಸಬೇಕು. ಹಿಂದೆ ಆರೇಳು ಗೇರು, ಮುಂದೆ ಡಿಸ್ಕ್ ಬ್ರೇಕಿರುವ ಹಳೆಯ ಸೈಕಲ್ ಸಿಕ್ಕರೆ ಅದಕ್ಕೇ ಹಾಕಿಸುವುದು ಜಾಣತನ.

ನೀರಿನ ವಿಷಯದಲ್ಲಿ ಕಿಟ್‌ಗಳ ಭಾಷೆ ಬಲು ಜಾರು. ಐಪಿಎಕ್ಸ್4 ಎಂದರೆ ನೀರು ಸಿಡಿದರೆ ತಡೆಯುತ್ತದೆ ಎಂದಷ್ಟೇ ಅರ್ಥ. ಬಿಸಿಲೆಯ ಜಡಿಮಳೆ ಆ ಪರೀಕ್ಷೆ ನೋಡಿಕೊಂಡು ಬರುವುದಿಲ್ಲ. ಹಬ್ ಮೋಟಾರಿಗೆ ನೀರು ಸಾಮಾನ್ಯವಾಗಿ ಆಕ್ಸಲ್ಲಿನ ರಂಧ್ರದಲ್ಲಿ ಕೇಬಲ್ಲಿನ ಬೆನ್ನೇರಿ ಇಳಿಯುತ್ತದೆ. ಕೇಬಲ್ಲನ್ನು ಆಕ್ಸಲ್ಲಿಗಿಂತ ಕೆಳಗೆ ಒಂದು ಬಳುಕು ಬಿಟ್ಟು ಕಟ್ಟಿದರೆ ಹನಿ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಕಾಸಿಲ್ಲದ ಕೆಲಸ. ಬ್ಯಾಟರಿಯ ಹಿತ್ತಾಳೆ ತುದಿಗಳಿಗೆ ಹಸಿರು ಕಿಲುಬು ಹಿಡಿಯುವುದನ್ನು ಮಾತ್ರ ತಪ್ಪಿಸಲಾಗದು, ಒರೆಸುತ್ತಿರಬೇಕು. 2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಸಾಲಾಗಿ ಹೊತ್ತಿದ ಮೇಲೆ ಸರ್ಕಾರ ಬ್ಯಾಟರಿ ನಿಯಮ ಬಿಗಿಗೊಳಿಸಿತು. ಬಿಡಿಯಾಗಿ ಮಾರುವ ಸೈಕಲ್ ಬ್ಯಾಟರಿ ಸ್ಕೂಟರುಗಳ ಆ ನಿಯಮದಡಿ ಬರುವುದಿಲ್ಲ. ಹಾಗಾಗಿ ಸ್ವಲ್ಪ ತೂಕ ಹೆಚ್ಚಾದರೂ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೇ ಕೇಳಿ. ಒಲೆ ಉರಿಯುವ ಕೋಣೆಯಲ್ಲಿ, ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿ. ಖರ್ಚಿನ ಚಿಂತೆ ಬೇಡ: ಒಂದು ಸಲ ತುಂಬಲು ಅರ್ಧ ಯೂನಿಟ್ಟೂ ಹಿಡಿಯದು, ಗೃಹಜ್ಯೋತಿಯ ಉಚಿತ ವಿದ್ಯುತ್ತಿನ ಲೆಕ್ಕದೊಳಗೇ ಮುಗಿಯಬಹುದು. ಮರ ಬಿದ್ದು ಲೈನ್ ಹೋದ ದಿನಗಳಲ್ಲಿ ಆರೇಳು ಕಿಲೋ ಹೆಚ್ಚಿನ ಭಾರದ ಸೈಕಲ್ಲನ್ನು ಮತ್ತೆ ತಳ್ಳಿಕೊಂಡೇ ಹೋಗಬೇಕು, ಅದೊಂದು ನೆನಪಿರಲಿ.

ಕಿಟ್ ಹೊಗಳುವವರೆಲ್ಲ ಮೆಚ್ಚಿಕೊಳ್ಳುವ ಒಂದು ಗುಣ ಈ ಕಡೆ ಗುಣವೇ ಅಲ್ಲ: ಸದ್ದಿಲ್ಲದಿರುವುದು. ಆಲೂರು-ಸಕಲೇಶಪುರದ ತೋಟಗಳಲ್ಲಿ ಆನೆಯ ಓಡಾಟ ಈಗ ದಿನದ ಸುದ್ದಿ. ಬೈಕಿನ ಸದ್ದಿಗೆ ಆನೆಗೂ ಮುನ್ಸೂಚನೆ, ಸವಾರನಿಗೂ ಧೈರ್ಯ. ತಳ್ಳಿಕೊಂಡು ಹೋಗುವವರು ಕನಿಷ್ಠ ನಡಿಗೆಯ ವೇಗದಲ್ಲಿ ಕಿವಿಗೊಟ್ಟು ಹೋಗುತ್ತಾರೆ. ಸದ್ದಿಲ್ಲದೆ ಇಪ್ಪತ್ತರ ವೇಗದಲ್ಲಿ ತಿರುವು ಹೊಗುವ ಸೈಕಲ್ ಎರಡೂ ಕಡೆಯವರನ್ನು ಒಟ್ಟಿಗೇ ಬೆಚ್ಚಿಬೀಳಿಸುತ್ತದೆ. ಮಬ್ಬುಗತ್ತಲಲ್ಲಿ ಹೊರಡುವ ಅಭ್ಯಾಸ ಇದ್ದವರು ಮೋಟಾರು ಬಂತೆಂದು ಅದನ್ನು ಮುಂದುವರಿಸುವುದು ಬೇಡ.

ಕೊನೆಗೂ ಆರಿಸಲೇಬೇಕೆಂದರೆ ನಾನು ಹೇಳುವುದು ಹಿಂದಿನ ಚಕ್ರದ, ನಿಧಾನದ ಸುತ್ತಿನ ಹಬ್ ಮೋಟಾರು. ಮಿಡ್-ಡ್ರೈವ್ ಮೇಲೆಂದು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಅದರ ಒಳಭಾಗ ಮುರಿದರೆ ಪೆಡಲೂ ಕೆಡಬಹುದು, ಆಗ ಬೆಂಗಳೂರಿನಿಂದ ಪಾರ್ಸೆಲ್ ಬರುವ ತನಕ ಸೈಕಲ್ ನಿಲ್ಲಬೇಕು. ಹಬ್ ಸತ್ತರೆ ಬರೀ ಭಾರದ ಸೈಕಲ್ಲಾಗಿ ಉಳಿಯುತ್ತದೆ. ವಣಗೂರು, ಹೆತ್ತೂರು ಸುತ್ತಿನ ದಿಬ್ಬಗಳಿಗೆ ಇದು ಸಾಕು. ಪೂರ್ತಿ ಘಟ್ಟ ದಿನವೂ ಹತ್ತಿಳಿಯುವವರಿಗೆ ಯಾವ ಕಿಟ್ಟೂ ಬೇಡ, ಬಸ್ಸೇ ಲೇಸು. ಇನ್ನು ಪಂಚರ್. ಮೋಟಾರಿನ ಚಕ್ರ ಬಿಚ್ಚಲು ದೊಡ್ಡ ನಟ್ಟಿನ ಸ್ಪ್ಯಾನರ್ ಬೇಕು, ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಕಳಚಬೇಕು, ವಾಷರುಗಳ ಸಾಲು ತಪ್ಪಬಾರದು, ಕೇಬಲ್ಲಿನ ಕೊಂಡಿ ಬಿಡಿಸಬೇಕು. ಒಂದು ವಾಷರ್ ಅದಲುಬದಲಾದರೆ ಆಕ್ಸಲ್ ತಿರುಗಿ ಕೇಬಲ್ಲನ್ನೇ ಕತ್ತರಿಸಬಹುದು. ದುಡ್ಡು ಕೊಡುವ ಮೊದಲು ನಿಮ್ಮೂರಿನ ಪಂಚರ್ ಅಂಗಡಿಯವನನ್ನು ಕರೆತಂದು ಒಮ್ಮೆ ಬಿಚ್ಚಿ ಹಾಕಿಸಿ ನೋಡಿ. ಆಗಲ್ಲ ಸ್ವಾಮಿ ಎಂದರೆ ಸ್ಪ್ಯಾನರನ್ನು ನೀವೇ ಕೊಂಡು ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ.