‘ಮೈ ಮೆಡಿಕಲ್ ಚಾಯ್ಸ್’: ಪರೀಕ್ಷೆ ಯಾರಿಗೆ?

ಚಲನಚಿತ್ರ ನಟಿ ಏಂಜಲೀನಾ ಜೋಲಿಯವರು 2013ರ ಮೇ 14ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ಮೈ ಮೆಡಿಕಲ್ ಚಾಯ್ಸ್’ ಗಾತ್ರದಲ್ಲಿ ಚಿಕ್ಕ ಲೇಖನ, ಪರಿಣಾಮದಲ್ಲಿ ದೊಡ್ಡದು. ತಾಯಿ 56ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡದ್ದು, ತಮ್ಮಲ್ಲಿ ಬಿಆರ್‌ಸಿಎ1 ಎಂಬ ವಂಶವಾಹಿಯ ದೋಷ ಕಂಡುಬಂದದ್ದು, ಸ್ತನ ಕ್ಯಾನ್ಸರಿನ ಸಂಭವವನ್ನು ವೈದ್ಯರು ಶೇಕಡಾ 87 ಎಂದು ಅಂದಾಜು ಮಾಡಿದ್ದು, ರೋಗ ಬರುವ ಮೊದಲೇ ಎರಡೂ ಸ್ತನಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು—ಇವನ್ನು ಲೇಖಕಿ ಆಡಂಬರವಿಲ್ಲದೆ ನಿರೂಪಿಸಿದ್ದಾರೆ. ರೂಪವೇ ಬಂಡವಾಳವಾದ ವೃತ್ತಿಯಲ್ಲಿದ್ದೂ ಇದನ್ನು ಬಹಿರಂಗಪಡಿಸಿದ ಅವರ ಧೈರ್ಯ ನಿರ್ವಿವಾದ. ಈ ದೋಷವುಳ್ಳವರಲ್ಲಿ ಸರಾಸರಿ ಸಂಭವ ಶೇಕಡಾ 65 ಎಂದು ಅವರೇ ತಿಳಿಸಿರುವುದು ಪ್ರಾಮಾಣಿಕತೆಗೆ ಸಾಕ್ಷಿ.

ಲೇಖನ ಎಡವುವುದು ಅದರ ಕರೆಯಲ್ಲಿ. ಮಾಹಿತಿ ಪಡೆಯಿರೆಂದು ಲೇಖಕಿ ಸಮಸ್ತ ಸ್ತ್ರೀಯರಿಗೂ ಹೇಳುತ್ತಾರೆ. ಕುಟುಂಬದಲ್ಲಿ ಈ ರೋಗ ಕಂಡವರಿಗೆ ವಿಶೇಷವಾಗಿ ಹೇಳುತ್ತಾರೆ. ಆ ‘ವಿಶೇಷವಾಗಿ’ ಎಂಬುದರಲ್ಲೇ ವಿಷಯದ ತಿರುಳಿದ್ದರೂ ಅದು ಹಾಯ್ದುಹೋಗುವ ಮಾತಾಗಿಬಿಟ್ಟಿದೆ. ಸ್ತನ ಕ್ಯಾನ್ಸರುಗಳಲ್ಲಿ ಆನುವಂಶಿಕವಾದವು ನೂರಕ್ಕೆ ಸುಮಾರು 5ರಿಂದ 10 ಮಾತ್ರ. ಆದುದರಿಂದ ರಕ್ತ ತೆಗೆಯುವ ಮೊದಲು ವಂಶಾವಳಿಯನ್ನು ನೋಡಬೇಕು: ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗಕ್ಕೆ ರೋಗ ಬಂದಿತ್ತು? ಸಾಧ್ಯವಿದ್ದಲ್ಲಿ ರೋಗ ಬಂದವರನ್ನೇ ಮೊದಲು ಪರೀಕ್ಷಿಸುವುದು ಉತ್ತಮ. ಅವರಲ್ಲಿರುವ ದೋಷ ಗೊತ್ತಾದಾಗಲೇ ಆರೋಗ್ಯವಂತ ಬಂಧುವಿಗೆ ದೊರೆಯುವ ‘ದೋಷವಿಲ್ಲ’ ಎಂಬ ಉತ್ತರಕ್ಕೆ ಪೂರ್ಣ ಅರ್ಥ ಬರುತ್ತದೆ.

ಲೇಖನದ ಬಳಿಕ ಅಮೆರಿಕದಲ್ಲಿ ಪರೀಕ್ಷೆಗಳು ತಟ್ಟನೆ ಹೆಚ್ಚಿದವು. ಆದರೆ ಸ್ತನ ಶಸ್ತ್ರಚಿಕಿತ್ಸೆಗಳು ಅದಕ್ಕನುಗುಣವಾಗಿ ಹೆಚ್ಚಲಿಲ್ಲವೆಂದು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಪಾಯ ಕಡಿಮೆಯಿದ್ದವರೇ ಹೆಚ್ಚಾಗಿ ಪರೀಕ್ಷೆಗೆ ಬಂದಿರಬಹುದೆಂದು ಇದರಿಂದ ಊಹಿಸಬಹುದು. ಭಯವು ಎಲ್ಲರನ್ನೂ ಸಮನಾಗಿ ಮುಟ್ಟುತ್ತದೆ, ಅಪಾಯವು ಹಾಗೆ ಹಂಚಿಕೆಯಾಗಿರುವುದಿಲ್ಲ.

ಇನ್ನೊಂದು ಲೋಪವಿದೆ. ಈ ದೋಷ ತಂದೆಯಿಂದಲೂ ಬರುತ್ತದೆ. ದೋಷವುಳ್ಳವರ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಇಳಿದುಬರುವ ಸಂಭವ ಶೇಕಡಾ 50. ಲೇಖನ ಸ್ತ್ರೀಯರನ್ನಷ್ಟೇ ಉದ್ದೇಶಿಸಿರುವುದರಿಂದ, ಸೋದರತ್ತೆ ಈ ರೋಗದಿಂದ ತೀರಿಕೊಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಓದುಗರು ಎಚ್ಚರಗೊಳ್ಳಲಾರರು. ಒಬ್ಬರ ಫಲಿತಾಂಶ ಒಡಹುಟ್ಟಿದವರ ವಿಷಯವನ್ನೂ ಅರ್ಧ ಹೇಳಿಬಿಡುತ್ತದೆ. ತಿಳಿಯಲಿಚ್ಛಿಸದ ತಂಗಿಗೆ ಅಕ್ಕ ಏನು ಹೇಳಬೇಕು? ಈ ಧರ್ಮಸಂಕಟವನ್ನು ಲೇಖನ ಎತ್ತಿಕೊಂಡಿಲ್ಲ.

2015ರ ಮಾರ್ಚಿನಲ್ಲಿ ಬಂದ ‘ಡೈರಿ ಆಫ್ ಎ ಸರ್ಜರಿ’ ಲೇಖನದಲ್ಲಿ, ದೋಷ ಕಂಡೊಡನೆ ಶಸ್ತ್ರಚಿಕಿತ್ಸೆಗೆ ಧಾವಿಸಬೇಕೆಂದಿಲ್ಲ ಎಂದು ಜೋಲಿಯವರು ಸ್ಪಷ್ಟಪಡಿಸಿದ್ದಾರೆ. ಎರಡನ್ನೂ ಜೊತೆಯಾಗಿ ಓದುವುದು ಉಚಿತ. ಓದಿದವರು ಪರೀಕ್ಷೆಗೆ ಹೊರಡುವ ಮುನ್ನ ಮನೆಯ ಹಿರಿಯರಲ್ಲಿ, ತಂದೆಯ ಕಡೆಯವರಲ್ಲಿಯೂ, ಒಮ್ಮೆ ವಿಚಾರಿಸುವುದು ಇನ್ನೂ ಉಚಿತ.