ಪ್ರವಾಸಕಥನದಲ್ಲಿ ಕಾಣದ ನೀಲಗಿರಿ

ಊಟಿಗೆ ಹೋಗಿಬಂದವರ ಲೇಖನಗಳು ನಮ್ಮ ವಾರ್ಷಿಕಗಳಲ್ಲೂ ವಿಶೇಷಾಂಕಗಳಲ್ಲೂ ಮತ್ತೆ ಮತ್ತೆ ಬರುತ್ತವೆ. ಓದಲು ಹಿತವಾಗಿಯೇ ಇರುತ್ತವೆ. ಆದರೆ ಹೆಚ್ಚಿನವಕ್ಕೆ ಒಂದೇ ಅಚ್ಚು: ಮೆಟ್ಟುಪಾಳಯದಿಂದ ಹೊರಡುವ ಪುಟ್ಟ ರೈಲು, ಚಳಿ, ಸಸ್ಯೋದ್ಯಾನ, ದೋಣಿವಿಹಾರ, ದೊಡ್ಡಬೆಟ್ಟದ ಮಂಜು, ಕೊನೆಗೆ ನೀಲಗಿರಿ ಎಣ್ಣೆ ಮತ್ತು ಚಹಾಪುಡಿ. ಇತಿಹಾಸವೆಂದರೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟವೇರಿದ್ದು, ಬಳಿಕ ಬಂಗಲೆ ಕಟ್ಟಿಸಿದ್ದು. ಅದಕ್ಕೆ ಮೊದಲು ಅಲ್ಲಿ ಮನುಷ್ಯರೇ ಇರಲಿಲ್ಲವೇನೋ ಎಂಬ ಭಾವನೆ ಓದುಗನಲ್ಲಿ ಮೂಡುತ್ತದೆ.

2,637 ಮೀಟರ್ ಎತ್ತರದ ಆ ಶಿಖರದ ಹೆಸರೇ ಲೇಖಕನನ್ನು ಒಂದು ಗಳಿಗೆ ತಡೆದು ನಿಲ್ಲಿಸಬೇಕಿತ್ತು. ತಮಿಳುನಾಡಿನ ನಕಾಶೆಯಲ್ಲಿ 'ದೊಡ್ಡಬೆಟ್ಟ' ಹೇಗೆ ಬಂತು? ಸುತ್ತಲಿನ ಬಡಗರ ಊರುಗಳಿಗೆ 'ಹಟ್ಟಿ' ಎಂದು ಹೆಸರು. ನಮ್ಮಲ್ಲಿ ಹಟ್ಟಿಯೆಂದರೆ ದನದ ಕೊಟ್ಟಿಗೆ, ಅಲ್ಲಿ ಅದು ಊರು. ಬಡಗನೆಂದರೆ ಬಡಗು ದಿಕ್ಕಿನವನು. ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬಂದವರೆಂಬುದು ಅವರ ಪರಂಪರೆಯ ಮಾತು. ಬಡಗರ ಧಾನ್ಯ, ತೊದವರ ಹೈನು, ಕೋತರ ಮಡಕೆ ಮತ್ತು ಕಬ್ಬಿಣದ ಸಲಕರಣೆ ಕೈಯಿಂದ ಕೈಗೆ ಸಾಗುತ್ತಿದ್ದ ಬದುಕು ಸಲಿವನ್ನನಿಗಿಂತ ಹಳೆಯದು. ಇದೊಂದೂ ನಮ್ಮ ಪ್ರವಾಸಕಥನಗಳಿಗೆ ಕಾಣುವುದಿಲ್ಲ.

ಕಂಡವರೂ ಇನ್ನೊಂದು ತಪ್ಪು ಮಾಡುತ್ತಾರೆ. ಎರಡು ಮಾತು ಅರ್ಥವಾದ ಸಂತೋಷಕ್ಕೆ 'ಬಡಗವೂ ನಮ್ಮ ಕನ್ನಡವೇ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಬಡಗ ಕನ್ನಡಕ್ಕೆ ಹತ್ತಿರವೆಂಬುದು ನಿಜ. ಅದನ್ನು ಸ್ವತಂತ್ರ ಭಾಷೆಯೆಂದು ಪರಿಗಣಿಸುವ ವಿದ್ವಾಂಸರೂ ಇದ್ದಾರೆ. ತುಳುವನ್ನು ಯಾರಾದರೂ ಉಪಭಾಷೆ ಎಂದರೆ ಮುನಿಯುವ ಊರು ನಮ್ಮದು. 1956ರ ನಂತರ ನಮ್ಮ ಮನೆಮಾತಿನ ಲೆಕ್ಕವನ್ನು ಇತರರು ಬರೆದಾಗ ಆಗುವ ನೋವೂ ನಮಗೆ ಗೊತ್ತು. ನಮಗೆ ಸಲ್ಲದ ಅನ್ಯಾಯ ಬಡಗರಿಗೆ ಸಲ್ಲುವುದೆ?

ಇಲ್ಲಿ ಮಲಯಾಳದ ಒಂದು ಕೃತಿಯನ್ನು ನೆನೆಯಬೇಕು. ಪಿ. ವತ್ಸಲಾ ಕೋಝಿಕ್ಕೋಡಿನವರು, ನೀಲಗಿರಿಗೆ ತಾಗಿದ ವಯನಾಡಿನ ಬೆಟ್ಟಸೀಮೆಗೆ ಹೊರಗಿನಿಂದಲೇ ಹೋದವರು. ಆದರೂ 1972ರಲ್ಲಿ ಬಂದ ಅವರ 'ನೆಲ್ಲು' ಕಾದಂಬರಿಯಲ್ಲಿ ತಿರುನೆಲ್ಲಿ ಬರಿಯ ನೋಟವಾಗಿ ಉಳಿಯಲಿಲ್ಲ. ಭತ್ತ ಬೆಳೆಯುವ ಅಡಿಯರು, ಅವರ ಜೀತ, ಅವರ ಹಸಿವು ಕತೆಯ ನಡುಮನೆಗೇ ಬಂದವು. ಹೊರಗಿನವರಾಗಿರುವುದು ದೋಷವಲ್ಲ, ನೋಡಿ ಸುಮ್ಮನೆ ಮರಳುವುದು ದೋಷ ಎಂಬುದಕ್ಕೆ ಈ ಕಾದಂಬರಿಯೇ ಸಾಕ್ಷಿ. ಕಾದಂಬರಿಯ ಅಳತೆಗೋಲನ್ನು ಎರಡು ಪುಟದ ಲೇಖನಕ್ಕೆ ಹಿಡಿಯಬಾರದು, ಒಪ್ಪೋಣ. ಆದರೆ ಹಟ್ಟಿಯೊಂದರ ಹೆಸರು ಕೇಳಿ ಬರೆದುಕೊಳ್ಳಲು ಎರಡು ಪುಟ ಸಾಲದೆ?

ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಲ್ಲಿ ನೀಲಗಿರಿಗೆ ಬರುವ ವಾಹನಗಳಿಗೆ ಇ-ಪಾಸ್ ಜಾರಿಗೆ ಬಂತು. ಪ್ರವಾಸಿಯ ಭಾರವನ್ನು ಬೆಟ್ಟ ತಾಳಲಾರದೆಂಬುದನ್ನು ನ್ಯಾಯಾಲಯವೇ ಗುರುತಿಸಬೇಕಾಯಿತು. ಆ ಭಾರವನ್ನು ಹೊತ್ತವರು ಯಾರೆಂದು ಹೇಳುವುದು ಲೇಖಕರ ಕೆಲಸ. ಗಡಿಯಲ್ಲಿ ಕುಳಿತು ಎರಡು ಭಾಷೆ ಓದಬಲ್ಲ ನಮ್ಮವರು ಅದನ್ನು ಮಾಡದಿದ್ದರೆ ಮತ್ತಾರು ಮಾಡಿಯಾರು?